ಅತ್ತೆಯ ಮೂಲೆಯ ಹಲಗೆಗಳು

ರಾಮತೀರ್ಥ ನಗರದ ನಮ್ಮ ಮನೆಯ ಒಳಕೋಣೆಗೆ ಮರದ ನೆಲ ಹಾಕಿಸಿದ ದಿನ ನನ್ನ ಗಂಡ ಓಣಿಯವರನ್ನೆಲ್ಲ ಕರೆದು, ಚಪ್ಪಲಿ ಬಿಚ್ಚಿಸಿ, ಅದರ ಮೇಲೆ ನಡೆಸಿದರು. ಗಟ್ಟಿಮುಟ್ಟಾಗಿದ್ದ ಟೈಲ್ಸಿನ ಮೇಲೆಯೇ ಹಾಸಿದ ಹಲಗೆಗಳವು. ಒಂದರ ಅಂಚಿನ ನಾಲಿಗೆ ಇನ್ನೊಂದರ ಸೀಳಿನೊಳಗೆ ಕೂರುತ್ತದೆ, ಮೊಳೆ ಬೇಡ, ಅಂಟು ಬೇಡ. ಇದನ್ನು ತಾವೇ ಕಂಡುಹಿಡಿದವರ ಹಾಗೆ ಎಲ್ಲರಿಗೂ ವಿವರಿಸಿದರು. ನಾನೂ ಹಿಂದೆ ನಿಂತು ಹಲ್ಲು ಕಿಸಿಯುತ್ತಿದ್ದೆ.

ವರ್ಷ ತುಂಬುವುದರೊಳಗೆ ಮೂಲೆಯ ನಾಲ್ಕು ಹಲಗೆಗಳು ಹಪ್ಪಳದ ಹಾಗೆ ಉಬ್ಬಿದವು. ಆ ಮೂಲೆ ನನ್ನ ಅತ್ತೆಯದು. ದಿನಾ ಬೆಳಿಗ್ಗೆ ಅಲ್ಲಿ ಮಣೆಯ ಮೇಲೆ ಕೂತು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ನೀರೆರೆದು ಪೂಜೆ ಮಾಡಿಕೊಳ್ಳುತ್ತಿದ್ದರು. ಸರಿ, ತೀರ್ಪು ಸಿದ್ಧವಾಯಿತು: ನೆಲ ಕೆಡಿಸಿದ್ದು ಪೂಜೆಯ ನೀರೇ. ಇನ್ನು ಅಡುಗೆಮನೆಯಲ್ಲಿ ಪೂಜೆ ಮಾಡಿಕೊಳ್ಳಿ ಎಂದು ಅವರಿಗೆ ಹೇಳಲಾಯಿತು. ಅತ್ತೆ ಮರುದಿನ ಚೀಲ ಹಿಡಿದು ಖಾನಾಪುರದ ಮಗಳ ಮನೆಗೆ ಹೋದವರು ಎರಡು ತಿಂಗಳಾದರೂ ಬರಲಿಲ್ಲ. ಫೋನು ಮಾಡಿದರೆ, "ಮದ್ಲ ನಿಮ್ಮ ನೆಲಾ ನೆಟ್ಟಗ ಮಾಡ್ಕೊಳ್ರಿ, ಆಮ್ಯಾಲ ನೋಡೂಣು" ಎನ್ನುತ್ತಿದ್ದರು. ಅವರಿಲ್ಲದೆ ಮನೆ ಭಣಭಣ ಎನ್ನುತ್ತಿತ್ತು. ಅತ್ತೆಯವರು ಎಲ್ಲಿ ಎಂದು ಕೇಳಿದವರಿಗೆಲ್ಲ ಸುಳ್ಳು ಹೇಳಿ ನನಗೂ ಸಾಕಾಗಿತ್ತು.

ಹಲಗೆ ಹಾಸಿದ್ದ ಬಡಿಗನಿಗೆ ಫೋನು ಮಾಡಿದೆವು. "ಗ್ವಾಡಿ ಬಾಜೂದಿಂದ ಒಂದೊಂದ ಬಿಚ್ಚಗೋತ ಬರಬೇಕ್ರಿ ಸಾಹೇಬ್ರ. ನಡೂಕ ಕೊಯ್ಯಾಕ ಹೋಗಬ್ಯಾಡ್ರಿ, ನಾ ಶುಕ್ರವಾರ ಬರ್ತೇನಿ" ಎಂದ. ನಮ್ಮವರಿಗೆ ಶುಕ್ರವಾರದ ತನಕ ತಡೆಯಬೇಕಲ್ಲ. ಮೊಬೈಲಿನಲ್ಲಿ ಯಾವನೋ ಹಲಗೆ ಕೊಯ್ಯುವುದನ್ನು ಮೂರು ಸಲ ನೋಡಿ, ರವಿವಾರ ಪೇಟೆಯ ಅಂಗಡಿಗೆ ಹೋಗಿ ಕೊಯ್ಯುವ ಮಷೀನು ತಂದರು. ಕಣ್ಣಿಗೆ ಕಪ್ಪು ಕನ್ನಡಕ, ಮೂತಿಗೆ ನನ್ನ ಹಳೆಯ ದುಪಟ್ಟಾ, ಮೊಣಕಾಲ ಕೆಳಗೆ ದಿಂಬು.

"ಬಡಿಗ್ಯಾರಂವಾ ಬ್ಯಾಡ ಅಂದಾನಲ್ರಿ" ಎಂದೆ.

"ಅವಗೇನ ತಿಳೀತೈತಿ? ನೀ ದೂರ ಸರಿ."

ಸರಿದೆ. ಉಬ್ಬಿದ ಹಲಗೆಯ ನಟ್ಟನಡುವೆ ಬ್ಲೇಡು ಇಳಿಸಿದರು. ದಪ್ಪ ಎಷ್ಟೆಂದು ನೋಡದೆ ಇಳಿಸಿದ್ದರಿಂದ ಕೆಳಗಿನ ಟೈಲ್ಸಿಗೂ ಗೀರು ಬಿತ್ತು. ಕೊಯ್ದ ತುಂಡನ್ನು ಮೀಟಿದರೆ ಪಕ್ಕದ ಒಳ್ಳೆಯ ಹಲಗೆಯ ನಾಲಿಗೆಯೂ ಕಿತ್ತು ಬಂತು. ಅದನ್ನು ಬಿಡಿಸಲು ಮತ್ತೊಂದನ್ನು ಕೊಯ್ದರು. ನಾಲ್ಕು ಹಲಗೆ ಎತ್ತಲು ಹೋಗಿ ಹನ್ನೊಂದು ಹಾಳು ಮಾಡಿದ ಮಹಾನುಭಾವರು ಆಮೇಲೆ ಚಹಾ ಕೇಳಿದರು.

ಹಲಗೆಯ ಕೆಳಗೆ ಹಾಸಿದ್ದ ಫೋಮಿನ ಹಾಳೆ ತೊಯ್ದು ತೊಪ್ಪೆಯಾಗಿತ್ತು. ಅತ್ತೆ ಹೋಗಿ ಎರಡು ತಿಂಗಳಾಗಿದೆ, ಇದಿನ್ನೂ ಹಸಿ ಇರುವುದು ಹೇಗೆ? ಕೈಯಾಡಿಸುತ್ತ ಹೋದೆ. ಗೋಡೆಯ ಕಡೆಗೆ ಹೋದಷ್ಟೂ ಹಸಿ ಹೆಚ್ಚಾಯಿತು. ಆ ಗೋಡೆಯ ಆಚೆ ಅಡುಗೆಮನೆ. ಪ್ಲಂಬರ್ ಯಾಕೆ ಬೇಕು ಎಂದು ನನ್ನ ಗಂಡ ಸ್ವತಃ ಕೂರಿಸಿದ ಫಿಲ್ಟರಿನ ಪೈಪು ಅಲ್ಲಿಯೇ ಇತ್ತು. ಅದರ ಜೋಡಣೆಯಿಂದ ನೀರು ಹನಿಹನಿಯಾಗಿ ಗೋಡೆಯ ಬುಡಕ್ಕೆ ಇಳಿಯುತ್ತಿತ್ತು.

ನನಗೆ ತಡೆಯಲಾರದ ಸಿಟ್ಟು, ಸುಳ್ಳೇಕೆ, ತುಸು ಖುಷಿಯೂ ಆಯಿತು. ಬಾಯಿಗೆ ಬಂದಂತೆ ಬೈದೆ. ಆಮೇಲೆ ಗಂಡನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿ ಅತ್ತೆಗೆ ಫೋನು ಹಚ್ಚಿದೆ.

"ಅತ್ತೀ, ಅದು ನಿಮ್ಮ ಪೂಜಿ ನೀರಲ್ರಿ. ನಿಮ್ಮ ಮಗಾ ಹಾಕಿದ ಪೈಪ್ ಸೋರತಿತ್ತು. ಅವರಿಗೆ ಛಲೋತ್ನಾಗ ಬೈದೇನಿ. ಮನಿಗೆ ಬರ್ರಿ ಇನ್ನ."

"ಅವಗ್ಯಾಕ ಬೈದಿ?" ಎಂದರು ಅತ್ತೆ. "ಅಂವಾ ನನಗೇನೂ ಅಂದಿರಲಿಲ್ಲ. ಮೂಲಿ ಬಿಟ್ಟು ಏಳ್ರಿ ಅಂದಾಕಿ ನೀನ. ಕರಿಯೂದಿತ್ತಂದ್ರ ನೀನ ಬಂದು ಕರಿ."

ಗಂಡ ನನ್ನ ಮುಖವನ್ನೇ ನೋಡುತ್ತ ನಿಂತರು. ಮರುದಿನ ಖಾನಾಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈಯಲು ನನಗೆ ಯಾರೂ ಸಿಗಲಿಲ್ಲ.