ನರ್ಸಬಾಯಿಯ ಕುದುರೆ ಯಾಕೆ ತಲೆ ಕೊಡವುತ್ತಿತ್ತು

ಮೊನ್ನೆ ಗೋಕುಲ ರಸ್ತೆಯಲ್ಲಿ ಮೊಮ್ಮಗಳ ಮದುವೆ. ಮಂಗಲ ಕಾರ್ಯಾಲಯದ ಬಾಗಿಲಲ್ಲಿ ವರನ ಕುದುರೆ ನಿಂತಿತ್ತು. ಬೆವರು, ಹಳೆಯ ಚರ್ಮದ ಜೀನು, ತುಳಿದ ಹುಲ್ಲು... ಆ ವಾಸನೆ ಮೂಗಿಗೆ ಬಡಿದದ್ದೇ ನಿಂತುಬಿಟ್ಟೆ. "ಅಜ್ಜಿ, ಒದ್ದೀತು, ಈ ಕಡೆ ಬಾ" ಎಂದು ಮೊಮ್ಮಗ ಕೈ ಎಳೆದ. ಒದೆಯುವುದಿರಲಿ, ಬ್ಯಾಂಡಿನ ಸದ್ದಿಗೆ ಕಿವಿ ಅಲುಗಿಸುವ ಚೈತನ್ಯವೂ ಆ ಬಡಪಾಯಿಗೆ ಇರಲಿಲ್ಲ.

ನಾನು ಧಾರವಾಡಕ್ಕೆ ಸೊಸೆಯಾಗಿ ಬಂದಾಗ ಪಕ್ಕದ ಮನೆಯಲ್ಲಿ ನರ್ಸಬಾಯಿ ಇದ್ದರು. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಪುಣೆಯಲ್ಲಿ ಹೆರಿಗೆ ಕೆಲಸ ಕಲಿತು ಸರಕಾರಿ ನೌಕರಿಗೆ ಬಂದವರು. ಬಿಳಿ ಕಚ್ಚೆ ಸೀರೆ, ಬರಿ ಹಣೆ. ಗಿಡ್ಡ ಕುದುರೆಯೊಂದನ್ನು ಹತ್ತಿ ಹಳ್ಳಿ ಹಳ್ಳಿ ತಿರುಗುತ್ತಿದ್ದರು. ಹೆಂಗಸು ಕುದುರೆ ಹತ್ತುತ್ತಾಳೆ ಎಂದು ಓಣಿಯ ಗಂಡಸರು ಬಾಯಿ ತುಂಬ ಆಡಿಕೊಂಡರು. ತಮ್ಮ ಮನೆಯಲ್ಲಿ ಬೇನೆ ಶುರುವಾದಾಗ ಮಾತ್ರ ಅದೇ ಕುದುರೆಯ ದಾರಿ ಕಾಯುತ್ತಿದ್ದರು.

ಒಂದು ಬೇಸಿಗೆಯಲ್ಲಿ ಆ ಕುದುರೆ ತಲೆ ಕೊಡವಲು ಶುರು ಮಾಡಿತು. ನಿಂತಲ್ಲಿ ಸುಮ್ಮನಿರುತ್ತಿತ್ತು, ಹತ್ತಿ ನಾಲ್ಕು ಮಾರು ಹೋದರೆ ಸಾಕು, ತಲೆಯನ್ನು ಮೇಲೆ ಕೆಳಗೆ ಒಗೆಯುತ್ತಿತ್ತು. ಲಾಳ ಹೊಡೆಯುವ ನಾಲಬಂದ ಬಂದು ಲಗಾಮು ಬದಲಿಸಿದ. ದನದ ಡಾಕ್ಟರು ಬಾಯಿ ಬಿಡಿಸಿ ಹಲ್ಲು ನೋಡಿದರು, ಏನೂ ಇಲ್ಲ, ಇದು ಕೆಟ್ಟ ಚಾಳಿ, ಮಾರಿಬಿಡಿ ಎಂದರು. ನಮ್ಮ ಅತ್ತೆಯವರು ದೃಷ್ಟಿ ತೆಗೆದರು. ಕುದುರೆ ಯಾರ ಮಾತನ್ನೂ ಕೇಳಲಿಲ್ಲ.

ಒಮ್ಮೆ ಹೆರಿಗೆ ಮಾಡಿಸಲು ಹೊರಟವರನ್ನು ಅರ್ಧ ದಾರಿಯಲ್ಲಿ ಕೆಡವಿತು. ನರ್ಸಬಾಯಿ ಎತ್ತಿನ ಗಾಡಿ ಹುಡುಕಿಕೊಂಡು ಊರು ಮುಟ್ಟುವ ಹೊತ್ತಿಗೆ ತಡವಾಗಿತ್ತು. ಆ ಕೂಸು ಉಳಿಯಲಿಲ್ಲ. ಮರಳಿ ಬಂದು, ಮೊಣಕೈಯ ರಕ್ತ ತೊಳೆದುಕೊಂಡು, ಎಂದಿನಂತೆ ಕುದುರೆಗೆ ಹುರುಳಿ ನೆನೆಹಾಕಿದರು. ನಾನು ಆಗ ಬಸುರಿ. ತವರುಮನೆ ಅಮ್ಮಿನಬಾವಿಗೆ ಬಾಣಂತನಕ್ಕೆ ಹೋಗುವವಳಿದ್ದೆ. ಇವರು ಸಮಯಕ್ಕೆ ಬರದಿದ್ದರೆ ನನ್ನ ಗತಿಯೇನು ಎಂಬ ಹೆದರಿಕೆ ಹೊಟ್ಟೆಯೊಳಗೇ ಕೂತಿತ್ತು.

ಮರುದಿನ ಬೆಳಿಗ್ಗೆ ಅವರು ಅಂಗಳದಲ್ಲಿ ಕುದುರೆಯನ್ನು ಕಟ್ಟಿ, ರೋಗಿಯನ್ನು ನೋಡುವಂತೆ ಮೂಗಿನಿಂದ ಶುರುಮಾಡಿ ನೋಡತೊಡಗಿದರು. ನಾನು ಗೋಡೆಯ ಈಚೆ ನಿಂತಿದ್ದೆ. ಲಗಾಮಿನ ತಲೆಪಟ್ಟಿ ಕಿವಿಯ ಬುಡವನ್ನು ಒತ್ತುವ ಜಾಗವನ್ನು ಬೆರಳಿನಿಂದ ಅದುಮಿದರು. ಕುದುರೆ ತಲೆ ಒಗೆಯಿತು. ಕಿವಿಯೊಳಗೆ ಅರಳೆ ಇಟ್ಟು ತಿರುವಿ ತೆಗೆದರು. ಎಣ್ಣೆಯಲ್ಲಿ ಕಲಸಿ ಗಟ್ಟಿಯಾದ ಹಳದಿ ಹೆಂಟೆ ಬಂತು, ಅದರ ಹಿಂದೆ ಕೀವು.

ಅದು ಭಂಡಾರ, ಅಂದರೆ ದೇವರ ಅರಿಶಿನ ಪುಡಿ. ನಮ್ಮ ಕಡೆ ಹೆರಿಗೆ ಮಾಡಿಸಿದವಳನ್ನು ಅರಿಶಿನ ಕುಂಕುಮ ಹಚ್ಚದೆ ಬರಿಗೈಯಲ್ಲಿ ಕಳಿಸುವುದಿಲ್ಲ. ಆದರೆ ವಿಧವೆಗೆ ಹಚ್ಚುವುದು ಹೇಗೆ? ಹಳ್ಳಿಯ ಹೆಂಗಸರು ತಾವೇ ಒಂದು ದಾರಿ ಕಂಡುಕೊಂಡಿದ್ದರು. ಕುದುರೆ ಮೈಲಾರಲಿಂಗನ ವಾಹನ. ಅದರ ನೆತ್ತಿಗೆ ಎಣ್ಣೆ ಹಾಕಿ, ಕೈತುಂಬ ಭಂಡಾರ ಸುರಿದು, ಕೈಮುಗಿದು ಕಳಿಸುತ್ತಿದ್ದರು. ಪ್ರತಿ ಹೆರಿಗೆಯ ಎಣ್ಣೆಯೂ ಕಿವಿಗೆ ಇಳಿದಿತ್ತು.

ನರ್ಸಬಾಯಿ ಆ ಅರಳೆಯನ್ನು ಗೋಡೆಯ ಮೇಲಿಂದ ನನ್ನ ಕಡೆ ಹಿಡಿದರು. "ನನಗ ಕೊಡಾಕ ಬರೂದಿಲ್ಲಂತ ಇದಕ್ಕ ಕೊಟ್ಟಾರ ನೋಡು" ಎಂದರು. ಅಂದಿನಿಂದ ದಿನಾ ಕಿವಿ ತೊಳೆದು ಔಷಧಿ ಬಿಟ್ಟರು. ಕೀವು ನಿಂತಿತು, ತಲೆ ಕೊಡವುವುದೂ ನಿಂತಿತು.

ನನಗೆ ಬೇನೆ ಬಂದ ದಿನ ಅಮ್ಮಿನಬಾವಿಗೆ ಅವರು ಅದೇ ಕುದುರೆಯ ಮೇಲೆ ಹೊತ್ತಿಗೆ ಸರಿಯಾಗಿ ಬಂದರು. ಮಗಳು ಹುಟ್ಟಿದಳು, ಕೂಗಿದಳು. ಅವರು ಹೊರಟು ನಿಂತಾಗ ನಮ್ಮವ್ವ ಎಣ್ಣೆ ಬಟ್ಟಲು, ಭಂಡಾರದ ತಟ್ಟೆ ಹಿಡಿದು ಅಂಗಳಕ್ಕೆ ಇಳಿದಳು. ಹಾಸಿಗೆಯಲ್ಲಿ ಮಲಗಿದ್ದ ನನಗೆ ತೆರೆದ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು.

"ಅದಕ್ಕ ಹಚ್ಚಬ್ಯಾಡ್ರಿ ತಾಯಿ. ಕಿವ್ಯಾಗ ಇಳಿದು ಹುಣ್ಣಾಗಿತ್ತು" ಎಂದರು ನರ್ಸಬಾಯಿ.

ಅವ್ವ ಕಕ್ಕಾಬಿಕ್ಕಿಯಾದಳು. "ಹಂಗಾರ... ಯಾರಿಗೆ ಹಚ್ಚಲಿರಿ ಬಾಯಾರ?"

ನರ್ಸಬಾಯಿ ಹಿಂದೆ ಸರಿಯಲಿಲ್ಲ. ಲಗಾಮು ಹಿಡಿದುಕೊಂಡು ಅವ್ವನ ಎದುರಿಗೇ ನಿಂತಿದ್ದರು, ಬೇಕಾದದ್ದಕ್ಕಿಂತ ತುಸು ಹೆಚ್ಚೇ ಹೊತ್ತು. ಅವ್ವ ತಟ್ಟೆಯನ್ನು ನೋಡಿದಳು, ಅವರ ಹಣೆಯನ್ನು ನೋಡಿದಳು. ಆಮೇಲೆ ತಲೆ ತಗ್ಗಿಸಿ ತಟ್ಟೆಯನ್ನು ಒಳಗೆ ತಂದು ದೇವರ ಮುಂದೆ ಇಟ್ಟಳು. ಹೊರಗೆ ಕುದುರೆ ಸದ್ದಿಲ್ಲದೆ ಹೊರಟು ಹೋಯಿತು.

ನರ್ಸಬಾಯಿ ಬೇರೆ ಊರಿಗೆ ವರ್ಗವಾಗಿ ಹೋಗಿ ಅಲ್ಲೇ ತೀರಿಕೊಂಡರು. ಸುದ್ದಿ ನಮಗೆ ಮುಟ್ಟಿದ್ದು ತಿಂಗಳುಗಟ್ಟಲೆ ತಡವಾಗಿ. ನಾನು ಹಾಲು ಕಾಯಿಸುತ್ತಿದ್ದೆ. ಕಾಯಿಸುತ್ತಲೇ ಇದ್ದೆ... ಅಳು ಬರಲಿಲ್ಲ.

ಮೊನ್ನೆ ಮದುವೆಯಲ್ಲಿ ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸಿದ್ದರು. ನನ್ನವರು ಹೋಗಿ ಕೆಲವು ವರ್ಷವಾಯಿತು. ಅರಿಶಿನ ಕುಂಕುಮದ ತಟ್ಟೆ ಹಿಡಿದು ಒಬ್ಬ ಹುಡುಗಿ ಸಾಲಾಗಿ ಹಚ್ಚುತ್ತ ಬಂದಳು. ನನ್ನ ಮುಂದೆ ಅರೆಗಳಿಗೆ ನಿಂತು, ನಕ್ಕು, ಪಕ್ಕದವರ ಕಡೆ ಸರಿದಳು. ಒಳ್ಳೆಯ ಹುಡುಗಿ, ಬೈಯುವುದಾದರೂ ಯಾರನ್ನು? ಏನೂ ಅನ್ನಿಸದವಳಂತೆ ಮಂಟಪದ ಕಡೆ ನೋಡುತ್ತ ಕೂತೆ. ಆ ದಿನ ಅವ್ವನ ಅಂಗಳದಲ್ಲಿ ನರ್ಸಬಾಯಿಗೂ ಏನೂ ಅನ್ನಿಸಿರಲಿಲ್ಲ ಎಂದೇ ಇಷ್ಟು ವರ್ಷ ತಿಳಿದಿದ್ದೆ.