ಹುಳುವಿಗಾಗಿ ನಿಂತ ಒಗ್ಗರಣೆ

ನನ್ನ ತಮ್ಮನ ಮನೆಯಲ್ಲಿ ರೇಷ್ಮೆ ಹುಳುವಿಗೆ ವಾಸನೆ ತಗುಲಬಾರದೆಂದು ಬೆಳೆ ಮುಗಿಯುವವರೆಗೆ ಒಗ್ಗರಣೆ ಹಾಕುವುದಿಲ್ಲ. ಬಸುರಿ ಸೊಸೆ ಅದೇ ವಾಸನೆಗೆ ನೀರೂ ನಿಲ್ಲದಂತೆ ವಾಂತಿ ಮಾಡಿಕೊಂಡು ಸೊರಗಿದಾಗ ಒಂದು ಹೊತ್ತಿನ ಮಟ್ಟಿಗೂ ಒಗ್ಗರಣೆಯನ್ನು ನಿಲ್ಲಿಸಲಿಲ್ಲ. ನಡೆದ ಅನ್ಯಾಯ ಇದು. ಮಾಡಿದವರು ಕೆಟ್ಟವರಲ್ಲ. ಆದ್ದರಿಂದಲೇ ಬರೆದಿಡುತ್ತಿದ್ದೇನೆ, ಕೆಟ್ಟವರ ವಿಷಯ ಬರೆಯುವ ಅಗತ್ಯ ಬೀಳುವುದಿಲ್ಲ, ಊರಿಗೆ ತಾನಾಗಿ ತಿಳಿದಿರುತ್ತದೆ.

ನಾನು ಅತ್ತಿಬೆಲೆಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಗಂಡ ತೀರಿಕೊಂಡ ಮೇಲೆ ಸಿಂಗಸಂದ್ರದ ಆಚೆಗಿರುವ ನಮ್ಮ ಹಳ್ಳಿಗೆ ಬಂದು, ತಮ್ಮ ಕೆಂಪಣ್ಣನ ಮನೆಯ ಹೊರಕೋಣೆಯಲ್ಲಿದ್ದೇನೆ. ಹೊಸೂರು ರಸ್ತೆಯ ಕಡೆಯ ಹೊಲಗಳು ಒಂದೊಂದಾಗಿ ಕಾರ್ಖಾನೆಗಳ ಪಾಲಾದರೂ ಕೆಂಪಣ್ಣ ಹಿಪ್ಪುನೇರಳೆ ತೋಟವನ್ನು ಬಿಟ್ಟಿಲ್ಲ. ಅವನ ಮಗ ರಾಮು ಬೊಮ್ಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ರಾಮುವಿನ ಹೆಂಡತಿ ಲಲಿತ. ಮದುವೆಯಾಗಿ ಬಂದ ಮೊದಲ ವಾರವೇ ನನ್ನ ಕನ್ನಡಕದ ಮುರಿದ ಕಡ್ಡಿಗೆ ದಾರ ಸುತ್ತಿಕೊಟ್ಟ ಹುಡುಗಿ. ನನ್ನನ್ನು ದೊಡ್ಡತ್ತೆ ಎನ್ನುತ್ತಾಳೆ.

ಹುಳು ಸಾಕುವವರ ಮನೆಯ ಶಿಸ್ತನ್ನು ಕಾಣದವರಿಗೆ ಹೇಳಬೇಕು. ಹುಳು ಪೊರೆ ಕಳಚುವುದಕ್ಕೆ ನಮ್ಮವರು ಜ್ವರವೆನ್ನುತ್ತಾರೆ. ಜ್ವರಕ್ಕೆ ಕೂತ ಹುಳುವಿನ ಹತ್ತಿರ ಯಾರೂ ಗಟ್ಟಿಯಾಗಿ ಮಾತನಾಡುವುದಿಲ್ಲ. ಊದುಬತ್ತಿ ಇಲ್ಲ, ಬೀಡಿ ಇಲ್ಲ, ಬಾಣಲೆಯಲ್ಲಿ ಎಣ್ಣೆ ಕಾಯಿಸುವಂತಿಲ್ಲ. ಬೆಂದ ಬೇಳೆಗೆ ಉಪ್ಪು, ಹುಳಿ, ಹಸಿಮೆಣಸಿನಕಾಯಿ, ಅದೇ ಸಾರು. ತಮ್ಮನ ಹೆಂಡತಿ ಜಯಮ್ಮ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಹುಳುವಿನ ತಟ್ಟೆಯ ಮೇಲೆ ಕೈಯಾಡಿಸಿಯೇ ಯಾವ ಹುಳು ಸೊಪ್ಪು ತಿನ್ನುವುದನ್ನು ಬಿಟ್ಟಿದೆ ಎಂದು ಹೇಳಬಲ್ಲಳು.

ಹಿಂದಿನ ಬೆಳೆ ಕೊನೆಗೆ ಬಂದಾಗ ಲಲಿತ ಬಸುರಿಯೆಂದು ತಿಳಿಯಿತು. ಬೆಳಿಗ್ಗೆ ಹಲ್ಲುಜ್ಜುವಾಗ ಸ್ವಲ್ಪ ಓಕರಿಕೆ. ಬಾಯಿ ಮುಕ್ಕಳಿಸಿ ಸೆರಗಿನಿಂದ ಮುಖ ಒರೆಸಿಕೊಂಡು ಸೊಪ್ಪು ಹೆಚ್ಚಲು ಕೂರುತ್ತಿದ್ದಳು. ಊಟ ಸೇರುತ್ತಿತ್ತು. ಎಲ್ಲರಿಗೂ ಸಂತೋಷ.

ಗೂಡು ಮಾರುಕಟ್ಟೆಗೆ ಹೋದ ಮರುದಿನ ಮನೆಯಲ್ಲಿ ಹಬ್ಬ. ತಿಂಗಳು ಸಪ್ಪೆ ಉಂಡ ನಾಲಿಗೆಗಳು. ಜಯಮ್ಮ ಬೆಳ್ಳುಳ್ಳಿ, ಸಾಸಿವೆ, ಒಣಮೆಣಸಿನಕಾಯಿ ಹಾಕಿ ಬಾಣಲೆ ಚುರ್ ಎನ್ನಿಸಿದಳು. ಲಲಿತ ಹಿತ್ತಲಿಗೆ ಓಡಿದಳು. ಒಗೆಯುವ ಕಲ್ಲನ್ನು ಹಿಡಿದುಕೊಂಡು, ಹೊಟ್ಟೆಯಲ್ಲಿದ್ದುದೆಲ್ಲ ಹೋದ ಮೇಲೂ ಬಗ್ಗಿಯೇ ಇದ್ದಳು. ಕೊನೆಗೆ ಹಳದಿ ಪಿತ್ತ ಬಂತು.

ಆ ದಿನದಿಂದ ಅವಳು ಊಟ ಮಾಡಲಿಲ್ಲ.

ಮಾಡಲಿಲ್ಲವೆಂದರೆ ಪೂರ್ತಿ ಸರಿಯಲ್ಲ. ತಿಂದದ್ದು ನಿಲ್ಲಲಿಲ್ಲ. ರಾಮುವಿನ ಕ್ಯಾರಿಯರ್‌ಗೆ ಬೆಳಗಿನ ಜಾವವೇ ಪಲ್ಯಕ್ಕೆ ಒಗ್ಗರಣೆ ಬೀಳುತ್ತಿತ್ತು. ಅವಳು ಹಾಸಿಗೆಯಿಂದ ನೇರವಾಗಿ ಹಿತ್ತಲಿಗೆ ಹೋಗುತ್ತಿದ್ದಳು. ಅದೇ ಹೊತ್ತಿಗೆ ಕಾರ್ಖಾನೆಯ ಸೈರನ್ ಕೂಗುತ್ತಿತ್ತು. ಕೆಂಪಣ್ಣ ಜಗಲಿಯ ಮೇಲೆ ಕೂತು, "ನಮ್ ಸೊಸೆನೂ ಫಸ್ಟ್ ಶಿಫ್ಟೇ ಕಣ್ಲಾ, ಟೈಮ್ ಅಂದ್ರೆ ಟೈಮು!" ಎಂದ. ರಾಮು ನಕ್ಕು, "ಬೋರ್‌ವೆಲ್ ಯಾಕಪ್ಪಾ ನಮಗೆ, ಪಂಪ್‌ಸೆಟ್ ಮನೇಲೇ ಐತಲ್ಲ" ಎಂದ. ಲಲಿತ ಬಾಗಿಲ ಹಿಂದೆಯೇ ನಿಂತಿದ್ದಳು. ಅವಳಿಗೆ ಕೇಳಿಸಿತು. ನನಗೂ ಕೇಳಿಸಿತು. ಇಬ್ಬರ ಮಾತನ್ನೂ ಅಕ್ಷರ ಬಿಡದೆ ಇಲ್ಲಿ ದಾಖಲಿಸಿದ್ದೇನೆ.

ಜಯಮ್ಮನದು ಬೇರೆ ತರ್ಕ. "ಉಳ ಇರೋಗಂಟ ಚೆನ್ನಾಗೇ ಇದ್ಲಲ್ಲ ಅಕ್ಕಯ್ಯ? ಕೆಲ್ಸ ಇದ್ದಾಗ ಇಲ್ದಿದ್ ಕಾಯ್ಲೆ ಕೆಲ್ಸ ಮುಗಿದ್ಮೇಲೆ ಬತ್ತದಾ? ಸುಮ್ಕೆ ಕೂತ್ರೆ ಇಂಗೇ. ನಾವೇನ್ ಮಕ್ಳು ಎತ್ತಿಲ್ವಾ? ಉಣಸೇಕಾಯಿ ಕಚ್ಕಂಡು ಕಳೆ ಕಿತ್ತಿದೀವಿ."

ಆ ಲೆಕ್ಕಾಚಾರ ತಪ್ಪೆಂದು ನನಗೂ ಆಗ ಹೊಳೆಯಲಿಲ್ಲ. ಹುಳು ಇದ್ದಾಗ ಚೆನ್ನಾಗಿದ್ದಳು, ಹುಳು ಹೋದ ಮೇಲೆ ಮಲಗಿದಳು. ಅದು ಕಣ್ಣಿಗೆ ಕಾಣುವ ಸತ್ಯವೇ ಆಗಿತ್ತು. ಲಲಿತ ಮಾತ್ರ ಅತ್ತೆಗೆ ಹೇಳಿದಳು, ನನ್ನ ಎದುರಿಗೇ ಹೇಳಿದಳು: "ಅತ್ತೆ, ಆ ಎಣ್ಣೆ ವಾಸ್ನೆ ತಡ್ಕೊಳ್ಳಕ್ಕೆ ಆಗ್ತಿಲ್ಲ." ಜಯಮ್ಮ ಸೌಟನ್ನೂ ನಿಲ್ಲಿಸದೆ, "ಒಗ್ಗರಣೆ ಇಲ್ದಿದ್ ಸಾರು ಯಾರವ್ವ ಉಣ್ತಾರೆ?" ಎಂದಳು. ಹಿಂದಿನ ತಿಂಗಳೆಲ್ಲ ಉಂಡವಳೇ ಅವಳು.

ಲಲಿತಳ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ತುಟಿ ಒಡೆಯಿತು. ನಾಲಿಗೆಯ ಮೇಲೆ ಸುಣ್ಣ ಬಳಿದಂತೆ ಬಿಳುಪು. ನಿಂಬೆಹಣ್ಣು ಮೂಸುತ್ತ ನನ್ನ ಕೋಣೆಯಲ್ಲಿ ಬಂದು ಮಲಗುವಳು. ತಲೆಯನ್ನು ನನ್ನ ತೊಡೆಯ ಮೇಲಿಟ್ಟು ಒಮ್ಮೆ ಕೇಳಿದಳು: "ದೊಡ್ಡತ್ತೆ, ಮಗು ಬೇಡ ಅನ್ಸಿದ್ರೆ ಪಾಪನಾ?" ಅಷ್ಟು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದ್ದೆ. ಆ ಪ್ರಶ್ನೆಗೆ ಅವಳ ಕೂದಲ ಸಿಕ್ಕು ಬಿಡಿಸುವುದಷ್ಟೇ ನನ್ನಿಂದಾಯಿತು.

ಒಂದು ಬೆಳಿಗ್ಗೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಬಿದ್ದಿದ್ದಳು.

ಹಾಲಿನ ವ್ಯಾನಿನಲ್ಲಿ ಬೊಮ್ಮನಹಳ್ಳಿಯ ನರ್ಸಿಂಗ್ ಹೋಮಿಗೆ ಕರೆದೊಯ್ದೆವು. ಕ್ಯಾನುಗಳ ನಡುವೆ ಅವಳನ್ನು ಅಪ್ಪಿಕೊಂಡು ಕೂತ ರಾಮು ದಾರಿಯುದ್ದಕ್ಕೂ ಒಂದೇ ಒಂದು ತಮಾಷೆ ಮಾಡಲಿಲ್ಲ. ಲೇಡಿ ಡಾಕ್ಟರ್ ಅವಳ ಕೈಯ ಚರ್ಮವನ್ನು ಚಿವುಟಿ ಬಿಟ್ಟರು. ಚರ್ಮ ಎದ್ದಿದ್ದು ಹಾಗೆಯೇ ನಿಂತಿತು.

"ನಾಟಕ ಅಂತ ಯಾರೋ ಅಂದ್ರಂತೆ?"

ಲಲಿತಳೇ ಹೇಳಿರಬೇಕು. ಡಾಕ್ಟರ್ ಲ್ಯಾಬಿನ ಚೀಟಿಯನ್ನು ರಾಮುವಿನ ಮುಂದೆ ಹಿಡಿದರು.

"ಡಿಹೈಡ್ರೇಷನ್ ಕಣ್ರೀ. ಯೂರಿನ್‌ನಲ್ಲಿ ಅಸಿಟೋನ್ ಬಂದಿದೆ, ಹೊಟ್ಟೆಗಿಲ್ದೆ ಮೈ ಕೊಬ್ಬೇ ಕರಗ್ತಿದೆ. ಇನ್ನೂ ತಡ ಮಾಡಿದ್ರೆ ತಾಯಿ, ಮಗು ಇಬ್ರಿಗೂ ನಾನು ಗ್ಯಾರಂಟಿ ಕೊಡ್ತಿರ್ಲಿಲ್ಲ."

ಡ್ರಿಪ್ ಹಾಕಿದರು. ನರ ಸಿಗದೆ ಎರಡು ಕೈಗೂ ಚುಚ್ಚಿದರು. ಬಾಟಲಿಯಿಂದ ಹನಿ ಇಳಿಯುತ್ತಿದ್ದಂತೆ ಮುಖಕ್ಕೆ ಜೀವ ಬರುವುದನ್ನು ನಾನು ಸ್ಟೂಲಿನ ಮೇಲೆ ಕೂತು ನೋಡಿದೆ. ಬಾಡಿದ ಗಿಡ ನೀರು ಕುಡಿಯುವುದನ್ನು ಅಷ್ಟು ಹತ್ತಿರದಿಂದ ನಾನೆಂದೂ ನೋಡಿರಲಿಲ್ಲ. ಮರುದಿನ ಒಣ ಬ್ರೆಡ್ ಕೊಟ್ಟರು. ತಿಂದಳು. ನಿಂತಿತು. ಆಯಾ ನೆಲ ಒರೆಸಿ ಹೋದ ಮೇಲೆ ಲಲಿತ ಕಣ್ಣು ಮುಚ್ಚಿ ಉಸಿರೆಳೆದು, "ಫಿನಾಯಿಲ್ ವಾಸ್ನೆ ಎಷ್ಟ್ ಚೆನ್ನಾಗಿದೆ ಅಲ್ವಾ ದೊಡ್ಡತ್ತೆ?" ಎಂದಳು. ಇಬ್ಬರೂ ನಕ್ಕೆವು. ನಗು ಮುಗಿಯುವ ಮುನ್ನವೇ ನನಗೆ ಅರ್ಥವಾಯಿತು.

ಹುಳು ಇದ್ದಾಗ ಅವಳು ಚೆನ್ನಾಗಿದ್ದದ್ದು ಕೆಲಸವಿದ್ದುದರಿಂದಲ್ಲ. ಒಗ್ಗರಣೆ ಇಲ್ಲದ್ದರಿಂದ.

ಡಾಕ್ಟರಿಗೆ ಹೇಳಿದೆ. ಅವರು ತಲೆಯಾಡಿಸಿ, "ತಿಂಗಳು ಕಳೆದ ಹಾಗೆ ತಾನಾಗೇ ಇಳಿಯುತ್ತಮ್ಮ. ಅಲ್ಲಿಗಂಟ ಆ ವಾಸನೆ ದೂರ ಇಡಿ. ಏಳೋ ಮುಂಚೆ ಏನಾದ್ರೂ ಒಣಗಿದ್ದು ತಿನ್ಲಿ. ಸ್ವಲ್ಪ ಸ್ವಲ್ಪ, ಆಗಾಗ" ಎಂದರು.

ಮನೆಗೆ ಬಂದ ಸಂಜೆ ವಿಷಯವನ್ನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಸ್ಪಷ್ಟವಾಗಿ ತಿಳಿಸಿದೆ. ಹುಳುವಿಗೆ ಬಿಟ್ಟದ್ದನ್ನು ಹುಡುಗಿಗೂ ಬಿಡಿ ಎಂದೆ.

ಜಯಮ್ಮ ಒಲೆಯ ಸೌದೆಯನ್ನು ಮುಂದಕ್ಕೆ ತಳ್ಳಿದಳು. ಆಮೇಲೆ, "ಉಳಕ್ಕೆ ಬಾಯಿಲ್ಲ ಅಕ್ಕಯ್ಯ. ಅದ್ರ ಕಷ್ಟ ನಾವೇ ತಿಳ್ಕಬೇಕು. ಇವ್ಳಿಗೆ ಬಾಯೈತೆ" ಎಂದಳು.

"ಆ ಬಾಯಿಂದಲೇ ಹೇಳಿದಳಲ್ಲ ಜಯಮ್ಮ."

"ಗಂಡಸ್ರು ದಿನಾ ಸಪ್ಪೆ ಉಣ್ತಾರಾ? ಮಾರ್ಕೆಟ್ಗೆ ಓಗೋ ಬೆಳೆ ಅಂದ್ರೆ ತಡ್ಕತಾರೆ. ಇದ್ಕೆ ಒಪ್ತಾರಾ?"

ಕೆಂಪಣ್ಣ ಕಂಬಳಿ ಕೊಡವುತ್ತ ಕೇಳಿಸದವನಂತೆ ಹೊರಟುಹೋದ.

ಮರುದಿನ ನಾನು ಹಿತ್ತಲಾಚೆ ಹೊಂಗೆಮರದ ಕೆಳಗೆ ಮೂರು ಕಲ್ಲು ಹೂಡಿದೆ. ರಾಗಿ ಅಂಬಲಿ ಕಾಯಿಸಿ, ಆರಿಸಿ, ಮಜ್ಜಿಗೆ ಬೆರೆಸಿ, ಲಲಿತ ಹಾಸಿಗೆಯಿಂದ ಏಳುವ ಮೊದಲೇ ಹುರಿಗಡಲೆಯ ಜೊತೆ ಒಯ್ದು ಕೊಟ್ಟೆ. ಹಗಲೆಲ್ಲ ಅವಳು ಮರದ ಕೆಳಗೇ ಚಾಪೆ ಹಾಸಿಕೊಂಡಿದ್ದಳು. ನಮ್ಮ ಕಡೆ ಒಂದು ಮನೆಗೆ ಎರಡನೆಯ ಒಲೆ ಹತ್ತಿತೆಂದರೆ ಅದಕ್ಕೊಂದೇ ಅರ್ಥ: ಮನೆ ಒಡೆಯಿತು, ಪಾಲಾಯಿತು. ಹೊಗೆ ಕಂಡವರೆಲ್ಲ ಬಂದು ವಿಚಾರಿಸಿದರು. ಕೆಂಪಣ್ಣ ಕೆಂಡವಾದ.

"ಅಕ್ಕಯ್ಯ, ಊರಲ್ ತಲೆ ಎತ್ತಂಗಿಲ್ಲ ನಂಗೆ. ಅಕ್ಕ ತಮ್ಮ ಬೇರೆ ಆದ್ರು ಅಂತ ಅಶ್ವತ್ಥಕಟ್ಟೆ ತುಂಬಾ ಅದೇ ಮಾತು. ಆ ಒಲೆ ಕೆಡ್ಸು."

"ಒಳಗಿನ ಬಾಣಲೆ ಇಳಿಸು, ಕೆಡಿಸುತ್ತೇನೆ."

ಅವನು ಇಳಿಸಲಿಲ್ಲ. ನಾನು ಕೆಡಿಸಲಿಲ್ಲ. ರಾಮು ಮಾತ್ರ ಶಿಫ್ಟ್ ಮುಗಿಸಿ ನೇರವಾಗಿ ಮರದ ಕೆಳಗೆ ಬಂದು, ಕ್ಯಾರಿಯರ್ ತೊಳೆದು ಮುಂದಿಟ್ಟು, "ದೊಡ್ಡತ್ತೆ, ನಾಳೆಯಿಂದ ನಂಗೂ ಇಲ್ಲಿಂದ್ಲೇ ಅಂಬ್ಲಿ ಹಾಕ್ಬಿಡಿ" ಎಂದ. ಅವನ ಪಂಪ್‌ಸೆಟ್ ಮಾತನ್ನು ನಾನು ಮರೆತಿಲ್ಲ. ಆದರೆ ಅಂದು ಅವನ ತಲೆ ಸವರಿದೆ.

ಲಲಿತ ಚೇತರಿಸಿಕೊಂಡಳು, ನಿಧಾನವಾಗಿ. ಒಂದು ದಿನ ಮುಂದೆ, ಇನ್ನೊಂದು ದಿನ ಹಿಂದೆ.

ಈಗ ಮನೆಗೆ ಹೊಸ ಹುಳು ಬಂದಿದೆ. ಬಂದ ಗಳಿಗೆಯೇ ಒಗ್ಗರಣೆ ನಿಂತಿತು. ನಾನು ಮಾತಿನಂತೆ ಹೊಂಗೆಮರದ ಕೆಳಗಿನ ಒಲೆ ಕೆಡಿಸಿದೆ. ಲಲಿತ ಅಡುಗೆಮನೆಗೆ ಕಾಲಿಟ್ಟು ಮುದ್ದೆಯನ್ನೂ ಮುರಿಯುತ್ತಿದ್ದಾಳೆ. ಜಯಮ್ಮ ಮೊನ್ನೆ ಹುಳುವಿಗೆ ಸೊಪ್ಪು ಹಾಕಿ ಕೈತೊಳೆದು ಬಂದು, ಮೊಸರನ್ನ ಕಲಸಿ, "ಬಾಯ್ ತೆಗಿಯವ್ವ" ಎಂದು ತುತ್ತಿಟ್ಟಳು. ಪೂರ್ತಿ ತಟ್ಟೆ ಖಾಲಿಯಾದಾಗ ಜಯಮ್ಮನ ಕಣ್ಣು ತುಂಬಿದ್ದನ್ನು ನಾನು ನೋಡಿದ್ದೇನೆ. ಅದನ್ನು ಬರೆಯದೆ ಬಿಟ್ಟರೆ ನಾನೂ ಅನ್ಯಾಯ ಮಾಡಿದಂತಾಗುತ್ತದೆ. ಕೆಂಪಣ್ಣ ಕಟ್ಟೆಯ ಮೇಲೆ, "ಉಳ ಬಂದ್ ಕಾಲ್ಗುಣ ನೋಡ್ರಪ್ಪಾ, ಸೊಸೆ ಎದ್ದು ಓಡಾಡ್ತಾವ್ಳೆ" ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ.

ಆದರೆ ಕಾಯಿಲೆ ಹೋಗಿಲ್ಲ. ನಿನ್ನೆ ಪಕ್ಕದ ಮನೆಯವರು ವಡೆ ಕರಿದರು. ಲಲಿತ ಬಾಯಿಗೆ ಸೆರಗೊತ್ತಿಕೊಂಡು ಹಿತ್ತಲಿಗೆ ಓಡಿದಳು. ಡಾಕ್ಟರ್ ಹೇಳಿದ ಕಾಲ ಇನ್ನೂ ಬಂದಿಲ್ಲ. ಬಂದೇ ಬರುತ್ತದೆಂದು ನಂಬಿದ್ದೇನೆ. ಹುಳು ಮಾತ್ರ ಅದಕ್ಕೂ ಮೊದಲೇ ಹಣ್ಣಾಗಿ ಗೂಡು ಕಟ್ಟುತ್ತದೆ.

ಕೆಂಪಣ್ಣ, ಜಯಮ್ಮ, ತಮ್ಮನನ್ನು ಎತ್ತಿ ಆಡಿಸಿದ ಪ್ರೀತಿಯಿಂದಲೇ ನಿಮ್ಮಿಬ್ಬರನ್ನೂ ಕೇಳುತ್ತಿದ್ದೇನೆ, ಉತ್ತರವನ್ನು ಬಾಯಿಂದ ಹೇಳಬೇಕಾಗಿಲ್ಲ: ಈ ಸಲದ ಗೂಡು ಮಾರುಕಟ್ಟೆಗೆ ಹೋದ ಮರುದಿನ, ಬಾಣಲೆಗೆ ಎಣ್ಣೆ ಹೊಯ್ಯುವ ಮುನ್ನ, ನಿಮ್ಮಲ್ಲಿ ಯಾರು ಹೋಗಿ ಆ ಹುಡುಗಿಯನ್ನು ಕೇಳುತ್ತೀರಿ?