ಅತ್ತೆಯ ತೂಕ, ಹಿಂದಿನ ಚಕ್ರ

ಹೊಲಿಗೆ ಯಂತ್ರ ಕೈಕೊಟ್ಟರೆ ಊರಿನ ದರ್ಜಿಗಳೆಲ್ಲ ಕರೆಯುತ್ತಿದ್ದುದು ಒಬ್ಬಳನ್ನೇ. ಅವಳ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ, ಎಲ್ಲರ ಬಾಯಲ್ಲೂ ಅವಳು ಮೆಷಿನಕ್ಕ. ಯಂತ್ರದ ಪಕ್ಕ ಕೂತು ಗಾಲಿಯನ್ನು ಎರಡು ಸುತ್ತು ತಿರುಗಿಸಿದರೆ ಸಾಕು, ರೋಗ ಎಲ್ಲಿದೆಯೆಂದು ಅವಳ ಬೆರಳಿಗೇ ತಿಳಿಯುತ್ತಿತ್ತು. ಹೆಗಲಿಗೆ ಸಾಮಾನಿನ ಚೀಲ ಏರಿಸಿ, ಯಾರಿಂದಲೋ ಕೊಂಡ ಹಳೆಯ ಮೋಟಾರ್ ಸೈಕಲ್ ಹತ್ತಿ, ದಿನಕ್ಕೆ ಆರೇಳು ಅಂಗಡಿ ಸುತ್ತುತ್ತಿದ್ದಳು. ಶನಿವಾರ ಮಾತ್ರ ಮಧ್ಯಾಹ್ನಕ್ಕೇ ಕೆಲಸ ಮುಗಿಸಿ, ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಊರಾಚೆ ಇದ್ದ ಅವರ ತಂಗಿಯ ಮನೆಗೆ ಬಿಡುತ್ತಿದ್ದಳು. ಅಕ್ಕತಂಗಿಯರು ಸಂಜೆಯವರೆಗೆ ಇಸ್ಪೀಟು ಆಡುತ್ತಿದ್ದರು. ಗೆದ್ದ ದಿನ ವಾಪಸು ಬರುವಾಗ ದಾರಿಯುದ್ದಕ್ಕೂ ಅತ್ತೆಯ ಬಾಯಿಗೆ ಬಿಡುವಿರಲಿಲ್ಲ. ಸೋತ ದಿನ ತಂಗಿ ಮೋಸ ಮಾಡಿದಳೆಂದು ಇನ್ನಷ್ಟು ಮಾತು.

ಆ ಗಾಡಿಗೆ ಒಂದೇ ಒಂದು ಕಾಯಿಲೆ. ಹಿಂದಿನ ಚಕ್ರದ ಬೇರಿಂಗು ಎಂಟು ತಿಂಗಳಲ್ಲಿ ಎರಡು ಸಲ ಹೋಗಿತ್ತು. ಮೂರನೆಯ ಸಲ ಹೋದದ್ದು ಶನಿವಾರವೇ, ಅತ್ತೆ ಹಿಂದೆ ಕೂತಿದ್ದಾಗಲೇ. ಕರಕರ ಸದ್ದು ಎದ್ದು, ಚಕ್ರ ಕುಡುಕನಂತೆ ತೂರಾಡಿತು. ಅತ್ತೆ ಸೊಸೆ ಇಬ್ಬರೂ ಗಾಡಿಯನ್ನು ತಳ್ಳಿಕೊಂಡು ಮೆಕ್ಯಾನಿಕ್ಕನ ಅಂಗಡಿ ಸೇರಿದರು.

ಅವನು ಚಕ್ರ ಬಿಚ್ಚಿ ತಲೆ ಕೆರೆದುಕೊಂಡ. "ಅಕ್ಕಾ, ವರ್ಷಗಟ್ಟಲೆ ಬರಬೇಕಾದ ಮಾಲು ಇದು. ನಿಮಗೆ ಮೂರು ತಿಂಗಳೂ ಬರ್ತಿಲ್ಲ. ನಾನಂತೂ ಒಳ್ಳೇದೇ ಹಾಕಿದೀನಿ." ಓರೆಗಣ್ಣು ಅತ್ತೆಯ ಕಡೆ ಹೊರಳಿತು. "ಲೋಡು ಸ್ವಲ್ಪ ಕಡಿಮೆ ಮಾಡಿ ನೋಡಿ."

"ಲೋಡು ಅಂದ್ರೆ ನಾನಾ?" ಅಂದರು ಅತ್ತೆ.

ಮೆಕ್ಯಾನಿಕ್ ಸ್ಪ್ಯಾನರ್ ಹುಡುಕುವವನಂತೆ ಬಗ್ಗಿದ. ಸ್ಪ್ಯಾನರ್ ಅವನ ಕೈಯಲ್ಲೇ ಇತ್ತು.

ಮನೆಯಲ್ಲಿ ಈ ಸುದ್ದಿ ಕೇಳಿ ಅತ್ತೆಯ ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. ಬೇರೆ ಯಾರೂ ನಗಲಿಲ್ಲವೆಂದು ಗೊತ್ತಾದ ಮೇಲೆ ಕೆಮ್ಮಿದಂತೆ ಮಾಡಿ ಎದ್ದು ಹೋದ. ಅತ್ತೆ ಮರುದಿನವೇ ಔಷಧಿ ಅಂಗಡಿಗೆ ಹೋಗಿ ತೂಕ ನೋಡಿಕೊಂಡು ಬಂದರು. ಎಪ್ಪತ್ತೆರಡು. ಅಂದಿನಿಂದ ಎರಡನೇ ಸಲ ಬಡಿಸಿಕೊಳ್ಳುವುದನ್ನು ಬಿಟ್ಟರು. ಮುಂದಿನ ಶನಿವಾರ ಎರಡು ಬಸ್ಸು ಬದಲಿಸಿ ತಂಗಿಯ ಮನೆಗೆ ಹೋಗಿ, ಕಾಲು ಊದಿಸಿಕೊಂಡು ವಾಪಸು ಬಂದರು.

"ಅತ್ತೆ, ಅವನು ಬಾಯಿಗೆ ಬಂದಿದ್ದು ಅಂದ. ಅದನ್ನ ಯಾಕೆ ಮನಸ್ಸಿಗೆ ಹಚ್ಕೋತೀರಾ?"

"ಗಾಡಿ ಕೆಟ್ರೆ ನಿನ್ನ ಕೆಲಸ ಕೆಡತ್ತೆ ಕಣೇ. ನಂದೇನು, ಇಸ್ಪೀಟು ತಾನೇ."

ಆ ಮಾತು ಮೆಷಿನಕ್ಕನಿಗೆ ಚುಚ್ಚಿತು. ಸೂಜಿ ಮೂರು ಸಲ ಮುರಿದರೆ ಬಟ್ಟೆ ದಪ್ಪ ಎಂದು ಹೇಳಿ ಅವಳು ಯಾವ ಅಂಗಡಿಯಿಂದಲೂ ಎದ್ದು ಬಂದವಳಲ್ಲ. ಹಿಟ್ಟಿನ ಗಿರಣಿಯವನು ಇದೇ ಥರದ ಗಾಡಿಯ ಮೇಲೆ ಎರಡು ಮೂಟೆ ಹೇರಿಕೊಂಡು ದಿನವೂ ಓಡಾಡುತ್ತಿದ್ದಾನೆ. ಅವನ ಬೇರಿಂಗು ಗಟ್ಟಿಯಾಗಿಯೇ ಇದೆ. ಹಾಗಿದ್ದರೆ ಅತ್ತೆಯದೇನು ತಪ್ಪು?

ಭಾನುವಾರ ಬೆಳಗ್ಗೆ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಚೈನು ಕಳಚಿ, ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿದಳು. ಒಂದು ಸುತ್ತಿಗೇ ನಿಂತಿತು. ಬೇರಿಂಗು ಹಾಕಿ ಎಂಟೇ ದಿನವಾಗಿತ್ತು. 'ಹೊಸದಲ್ವಾ, ಬಿಗಿ ಇರತ್ತೆ' ಎಂದು ಮೆಕ್ಯಾನಿಕ್ ಹೇಳಿದ್ದ. ಅಚ್ಚಿನ ನಟ್ಟನ್ನು ಸಡಿಲಿಸಿ ಮತ್ತೆ ತಿರುಗಿಸಿದಳು. ಚಕ್ರ ಸರ್ರನೆ ತಿರುಗಿತು! ಬಿಗಿ ಮಾಡಿದಳು, ನಿಂತಿತು. ಸಡಿಲಿಸಿದಳು, ತಿರುಗಿತು. ಬಟ್ಟೆ ಒಣಗಿಸುವ ನೆಪದಲ್ಲಿ ನಿಂತಿದ್ದ ಅತ್ತೆ ಒಂದೇ ಟವೆಲನ್ನು ನಾಲ್ಕನೆಯ ಸಲ ಕೊಡವುತ್ತಿದ್ದರು.

ಕಬ್ಬಿಣದ ಸರಳು ಇಟ್ಟು ಸುತ್ತಿಗೆಯಿಂದ ತಟ್ಟಿ ಬೇರಿಂಗುಗಳನ್ನು ಹೊರತೆಗೆದಳು. ಎರಡರ ನಡುವೆ ಒಂದು ಕೊಳವೆ ಇತ್ತು. ಅದರ ಒಂದು ತುದಿ ನಯವಾಗಿರಲಿಲ್ಲ, ಗರಗಸದಲ್ಲಿ ಸೊಟ್ಟಗೆ ಕೊಯ್ದಂತಿತ್ತು. ಚಕ್ರದೊಳಗಿನ ಜಾಗ ಅಳೆದಳು, ಕೊಳವೆ ಅಳೆದಳು, ನಂಬಿಕೆ ಬರದೆ ಇನ್ನೊಮ್ಮೆ ಅಳೆದಳು. ಕೊಳವೆ ಎರಡು ಮಿಲಿಮೀಟರ್ ಗಿಡ್ಡ. ಅಸಲಿಯದು ಎಲ್ಲೋ ಕಳೆದುಹೋಗಿ, ಹಿಂದೆ ಯಾರೋ ಸಿಕ್ಕಿದ ಪೈಪನ್ನು ಕೊಯ್ದು ತುರುಕಿದ್ದರು.

"ಅತ್ತೇ! ಇಲ್ಲಿ ಬನ್ನಿ! ಎರಡು ಬೇರಿಂಗ್ ನಡುವೆ ಇದು ಊರುಗೋಲು ಇದ್ದ ಹಾಗೆ. ಇದು ಗಿಡ್ಡ ಆಗಿದೆ. ನಟ್ಟು ಬಿಗಿ ಮಾಡಿದ ತಕ್ಷಣ ಎರಡೂ ಒಳಕ್ಕೆ ಒತ್ತಿಕೊಂಡು, ಗುಂಡುಗಳಿಗೆ ಉಸಿರಾಡೋಕೂ ಜಾಗ ಇರಲ್ಲ."

"ಅಂದ್ರೆ ನಾನು ಕೂತ್ರೂ, ಕೂರದೇ ಇದ್ರೂ..."

"ಇರುವೆ ಕೂತಿದ್ರೂ ಹಾಳಾಗ್ತಿತ್ತು, ಅತ್ತೆ!"

ಅತ್ತೆ ಟವೆಲನ್ನು ತಂತಿಯ ಮೇಲೆ ಎಸೆದು, ಸೊಸೆಯ ಗ್ರೀಸು ಮೆತ್ತಿದ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಂಡಿದರು. ಅಂದು ಮಧ್ಯಾಹ್ನ ಮೂರು ಸಲ ಬಡಿಸಿಕೊಂಡರು.

ಸೋಮವಾರ ಇಬ್ಬರೂ ಲೇತ್ ಅಂಗಡಿಗೆ ಹೋಗಿ ಸರಿಯಾದ ಅಳತೆಯ ಉಕ್ಕಿನ ಕೊಳವೆ ಮಾಡಿಸಿದರು. ಅಲ್ಲಿಂದ ಸೊಸೆ ಚಕ್ರವನ್ನು ರಸ್ತೆಯಲ್ಲಿ ಉರುಳಿಸಿಕೊಂಡು, ಅತ್ತೆ ಎರಡು ಕೊಳವೆಗಳನ್ನು ಸಾಕ್ಷಿಯಂತೆ ಹಿಡಿದುಕೊಂಡು ಮೆಕ್ಯಾನಿಕ್ಕನ ಮುಂದೆ ಹಾಜರಾದರು. ಅತ್ತೆ ಎರಡನ್ನೂ ಅವನ ಮೇಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿದರು.

ಅವನು ನೋಡಿದ. ಕಿವಿ ಕೆಂಪಾಯಿತು. "ಮೂರು ಸಲ ಕೈಯಲ್ಲಿ ಹಿಡಿದಿದೀನಿ ಇದನ್ನ. ಅಳೆದು ನೋಡಬೇಕು ಅಂತ ಒಂದು ಸಲಾನೂ ಹೊಳೀಲಿಲ್ಲ. ತಪ್ಪಾಯ್ತಮ್ಮಾ."

"ತಪ್ಪು ಯಾರಿಂದ ಆಗಲ್ಲಪ್ಪ? ಮೊದಲು ಚಕ್ರ ಸರಿಮಾಡು," ಎಂದು ಅತ್ತೆ ಸ್ಟೂಲು ಎಳೆದುಕೊಂಡು ಕೂತರು.

ಹೊಸ ಕೊಳವೆ, ಹೊಸ ಬೇರಿಂಗು ಒಳಗೆ ಕೂತವು. ಮೆಕ್ಯಾನಿಕ್ ಅವರ ಜೊತೆಗೇ ಮನೆಗೆ ಬಂದು, ಅಂಗಳದಲ್ಲಿದ್ದ ಗಾಡಿಗೆ ಚಕ್ರ ಏರಿಸಿ, ನಟ್ಟನ್ನು ಪೂರ್ತಿ ಬಿಗಿದು, ಒಂದು ಬೆರಳಿನಿಂದ ತಳ್ಳಿದ. ಸದ್ದಿಲ್ಲದೆ ತಿರುಗಿತು, ತಿರುಗುತ್ತಲೇ ಇತ್ತು. ಮೂವರೂ ಅದನ್ನೇ ನೋಡುತ್ತ ಕೂತರು, ಯಾರೂ ತಡೆಯಲು ಕೈ ಚಾಚಲಿಲ್ಲ.

ಎರಡು ವರ್ಷವಾದರೂ ಆ ಬೇರಿಂಗಿಗೆ ಏನೂ ಆಗಲಿಲ್ಲ. ಕೆಟ್ಟದ್ದೇ ಮತ್ತೆ ಕೆಡುವ ಗಾಡಿ ಬಂದರೆ ಮೆಕ್ಯಾನಿಕ್ ಈಗ ಮೆಷಿನಕ್ಕನಿಗೆ ಫೋನು ಮಾಡುತ್ತಾನೆ. ಮೊನ್ನೆಯೂ ಮಾಡಿದ. ಯಾರದೋ ಗಾಡಿಯ ಚೈನು ಎರಡೆರಡು ತಿಂಗಳಿಗೆ ಸವೆಯುತ್ತಿದೆಯಂತೆ. ಅವಳು ಚೀಲ ಎತ್ತಿಕೊಳ್ಳುವಷ್ಟರಲ್ಲಿ ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು.

"ನೀವ್ಯಾಕೆ ಅತ್ತೆ?"

"ಅಲ್ಲಿ ಯಾವ ಬಡಪಾಯಿ ಮೇಲೆ ತಪ್ಪು ಹೊರಿಸ್ತಿದಾರೋ, ನೋಡ್ಬೇಡ್ವಾ?"